ಕಪ್ಪು ಸಿಗಾರಿನಲ್ಲಿ ಸಕ್ಕರೆ ಎಲ್ಲಿದೆ?

ಮಡುರೊ ಎಂಬ ಕಪ್ಪು ಹೊದಿಕೆಯ ಸಿಗಾರಿನ ಬಗ್ಗೆ ಎರಡು ಮಾತು ಎಲ್ಲೆಡೆ ಚಾಲ್ತಿಯಲ್ಲಿವೆ: ಕಪ್ಪಾದಷ್ಟೂ ಘಾಟು ಹೆಚ್ಚು, ಕಪ್ಪಾದಷ್ಟೂ ಸಿಹಿ ಹೆಚ್ಚು. ಮೊದಲನೆಯದನ್ನು ಬೇಗ ಮುಗಿಸಬಹುದು. ಸಿಗಾರಿನ ಕಸುವು ಇರುವುದು ಒಳಗೆ ತುಂಬಿದ ಎಲೆಯಲ್ಲಿ, ಅದರಲ್ಲೂ ಗಿಡದ ತುದಿಯಲ್ಲಿ ಬಿಸಿಲುಂಡು ದಪ್ಪಗಾದ ಲಿಹೇರೊ ಎಲೆಯಲ್ಲಿ. ಹೊದಿಕೆ ಅದರ ಮೇಲೆ ಸುತ್ತಿದ ಒಂದು ಪದರ ಮಾತ್ರ. ಮೇಲಾಗಿ, ಎಲೆಯನ್ನು ಕಪ್ಪಾಗಿಸುವ ಹುದುಗುವಿಕೆಯಲ್ಲಿ ನಿಕೋಟಿನ್ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ತೆಳುಗಂದು ಹೊದಿಕೆಯದು ತಲೆ ತಿರುಗಿಸೀತು, ಕಾಡಿಗೆ ಬಣ್ಣದ್ದು ಸಾಧುವಾಗಿರಬಹುದು. ಎರಡನೆಯ ಮಾತು ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಸೇದಿದವರೆಲ್ಲ ಅದರ ಪರ ಸಾಕ್ಷಿ ನುಡಿಯುತ್ತಾರೆ: ಚಾಕೊಲೇಟ್, ಕಾಫಿ, ಒಣದ್ರಾಕ್ಷಿ. ಆದರೂ ಆ ಸಿಹಿ ಸಕ್ಕರೆಯದಲ್ಲ ಎಂಬುದೇ ಈ ಲೇಖನದ ವಾದ.

ಮಡುರೊ ಹೊದಿಕೆಗೆ ಬಳಸುವ, ಅಮೆರಿಕದ ಕನೆಕ್ಟಿಕಟ್ ನದಿ ಕಣಿವೆಯ ಬ್ರಾಡ್‌ಲೀಫ್ ಎಲೆಯನ್ನೇ ತೆಗೆದುಕೊಳ್ಳಿ. ಅದೇ ಕಣಿವೆಯಲ್ಲಿ ಬಟ್ಟೆಯ ಚಪ್ಪರದಡಿ ಬೆಳೆಯುವ ತೆಳ್ಳನೆಯ ಶೇಡ್ ಎಲೆಯೂ ಉಂಟು, ಅದನ್ನು ಒಂದೊಂದಾಗಿ ಬಿಡಿಸುತ್ತಾರೆ. ಬ್ರಾಡ್‌ಲೀಫ್ ಬಟಾಬಯಲಿನ ಬೆಳೆ. ಗಿಡವನ್ನು ಬುಡಕ್ಕೇ ಕಡಿದು, ಹೊಲದಲ್ಲಿ ಬಾಡಲು ಬಿಟ್ಟು, ಕಾಂಡಕ್ಕೆ ಮೊನೆ ಚುಚ್ಚಿ ಒಂದೊಂದು ಮರದ ಪಟ್ಟಿಗೆ ಐದಾರು ಗಿಡ ಪೋಣಿಸಿ ಕೊಟ್ಟಿಗೆಯಲ್ಲಿ ತಲೆಕೆಳಗಾಗಿ ನೇತುಹಾಕುತ್ತಾರೆ. ಕೊಟ್ಟಿಗೆಯ ಗೋಡೆ ಹಲಗೆಗಳಿಗೆ ಕೀಲು ಇರುತ್ತದೆ. ಹವೆ ನೋಡಿ ಅವನ್ನು ತೆರೆಯುವುದು, ಮುಚ್ಚುವುದು. ವಾರಗಟ್ಟಲೆ ಇದೇ ಕೆಲಸ. ಕಡಿದ ಗಿಡ ಒಮ್ಮೆಗೇ ಸಾಯುವುದಿಲ್ಲ. ಎಲೆ ಉಸಿರಾಡುತ್ತಲೇ ಇದ್ದು, ತನ್ನೊಳಗಿನ ಪಿಷ್ಟವನ್ನೂ ಸಕ್ಕರೆಯನ್ನೂ ತಾನೇ ಉಂಡು ತೀರಿಸುತ್ತದೆ. ಪಿರಿಯಾಪಟ್ಟಣ, ಹುಣಸೂರಿನ ತಂಬಾಕು ಒಣಗಿಸುವ ಬ್ಯಾರನ್‌ಗಳಲ್ಲಿ ನಡೆಯುವುದು ಇದರ ತದ್ವಿರುದ್ಧ. ಅಲ್ಲಿ ವರ್ಜೀನಿಯಾ ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ವಾರದೊಳಗೆ ಬೇಯಿಸಿ, ಸಕ್ಕರೆ ಕರಗುವ ಮೊದಲೇ ಒಣಗಿಸಿಬಿಡುತ್ತಾರೆ. ಆ ಹೊಂಬಣ್ಣದ ಸೊಪ್ಪಿನ ತೂಕದಲ್ಲಿ ಶೇ 10ಕ್ಕೂ ಹೆಚ್ಚು ಸಕ್ಕರೆ ಉಳಿಯುವುದು ಮಾಮೂಲು. ಸಕ್ಕರೆಯೇ ಸಿಹಿಯ ಅಳತೆಗೋಲಾದರೆ ನಮ್ಮ ಮೈಸೂರು ಸೀಮೆಯ ಸಿಗರೇಟು ತಂಬಾಕು ಮಡುರೊವನ್ನು ಸಲೀಸಾಗಿ ಸೋಲಿಸಬೇಕು.

ಹಾಗಾದರೆ ಕಪ್ಪು ಬಂದದ್ದು ಎಲ್ಲಿಂದ? ಒಣಗಿದ ಎಲೆಗೆ ನೀರು ಚಿಮುಕಿಸಿ ಪಿಲೋನ್ ಎಂಬ ದೊಡ್ಡ ಒಟ್ಟಲು ಹಾಕುತ್ತಾರೆ. ಯಾರೂ ಬೆಂಕಿ ಹಚ್ಚುವುದಿಲ್ಲ, ಒಟ್ಟಲು ತಾನೇ ಕಾವೇರುತ್ತದೆ. ನಡುವೆ ತೂರಿಸಿದ ಥರ್ಮಾಮೀಟರ್ ಮಡುರೊ ಎಲೆಗೆ 50 ಡಿಗ್ರಿ ಸೆಲ್ಸಿಯಸ್ ಆಚೀಚೆ ತೋರಿಸುವ ಹೊತ್ತಿಗೆ ಒಟ್ಟಲು ಬಿಚ್ಚಿ, ಹೊರಗಿನ ಎಲೆ ಒಳಕ್ಕೆ, ಒಳಗಿನದು ಹೊರಕ್ಕೆ ಬರುವಂತೆ ಮತ್ತೆ ಜೋಡಿಸುತ್ತಾರೆ. ಬಿಚ್ಚುವಾಗ ಮೂಗಿಗೆ ಬಡಿಯುವುದು ಅಮೋನಿಯಾ: ಎಲೆಯ ಪ್ರೋಟೀನು ಮುರಿದು ಹೊರಬೀಳುತ್ತಿರುವ ಗುರುತು. ಕತ್ತರಿಸಿಟ್ಟ ಬದನೆಕಾಯಿ ಕಪ್ಪಾಗುವ ಹಾಗೆ ಎಲೆಯ ಫೀನಾಲುಗಳೂ ಗಾಳಿ ಸೋಕಿ ಕಪ್ಪಾಗುತ್ತವೆ. ತೆಳ್ಳನೆಯ ಶೇಡ್ ಎಲೆ ಈ ಕಾವಿಗೆ ಹರಿದು ಹಾಳಾಗುತ್ತದೆ. ದಪ್ಪ ಬ್ರಾಡ್‌ಲೀಫ್ ತಾಳಿಕೊಳ್ಳುತ್ತದೆ. ಅಂದರೆ ಮಡುರೊದ ಹೆಚ್ಚುಗಾರಿಕೆ ಎಲೆಗೆ ಏನೋ ಸೇರಿದ್ದರಲ್ಲಿಲ್ಲ, ಎಲೆಯಿಂದ ಕಹಿಯೂ ಒಗರೂ ಹೋದದ್ದರಲ್ಲಿದೆ. ಒಟ್ಟಲಿನ ಸಮಯ ಉಳಿಸಲು ಎಲೆಯನ್ನು ಹಬೆಯಲ್ಲಿ ಬೇಯಿಸಿ, ಬಣ್ಣ ಬಳಿದು ಕಪ್ಪಾಗಿಸುವವರೂ ಇದ್ದಾರೆ. ಅಂಥದ್ದರ ಮೈ ಮಸಿ ಬಳಿದಂತೆ ಒಂದೇ ಸಮ ಇರುತ್ತದೆ. ಒದ್ದೆ ಬಿಳಿ ಕಾಗದದಿಂದ ಒರೆಸಿದರೆ ಗುಟ್ಟು ರಟ್ಟಾಗುವುದುಂಟು.

ಇಷ್ಟು ಹೇಳಿದರೂ ಆಕ್ಷೇಪ ಉಳಿಯುತ್ತದೆ: ಸಕ್ಕರೆ ಇಲ್ಲದಿದ್ದರೆ ಇಷ್ಟೊಂದು ಜನಕ್ಕೆ ಚಾಕೊಲೇಟ್ ಹೇಗೆ ಸಿಗುತ್ತದೆ, ಎಲ್ಲರೂ ಸುಳ್ಳು ಹೇಳುತ್ತಾರೆಯೇ? ಸುಳ್ಳಲ್ಲ. ಪಾಲು ಕಣ್ಣಿನದು, ಪಾಲು ಮೂಗಿನದು. ಫ್ರಾನ್ಸಿನ ಬೋರ್ಡೊದಲ್ಲಿ ವೈನ್ ಶಾಸ್ತ್ರ ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಕೆಂಪು ವೈನಿಗೆ ಮೀಸಲಾದ ಪದಗಳಲ್ಲೇ ಅದರ ಪರಿಮಳ ಬಣ್ಣಿಸಿದರು ಎಂದು 2001ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಕಂದುಗಪ್ಪು ವಸ್ತು ಕೈಯಲ್ಲಿದ್ದರೆ ನಾಲಗೆಗೆ ಕೋಕೊ ನೆನಪಾಗುವುದರಲ್ಲಿ ಅಚ್ಚರಿಯಿಲ್ಲ. ಹಾಗೆಂದು ಎಲ್ಲವೂ ಭ್ರಮೆ ಎಂದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಹುದುಗಿದ ಎಲೆಯ ಹೊಗೆಯಲ್ಲಿ ಹುರಿದ ಕಾಫಿಬೀಜ, ಕೋಕೊಗಳಿಗೆ ಹತ್ತಿರದ ಸುವಾಸನೆಗಳು ನಿಜಕ್ಕೂ ಇರುತ್ತವೆ. ಬಾಯಲ್ಲಿ ಹಿಡಿದ ಹೊಗೆಯಲ್ಲಿ ಒಂದಿಷ್ಟನ್ನು ಮೂಗಿನಿಂದ ಹೊರಬಿಡುವ ಪದ್ಧತಿ ಬೆಳೆದದ್ದೂ ಅವುಗಳಿಗಾಗಿಯೇ. ಭ್ರಮೆ ಎಷ್ಟು, ಎಲೆ ಎಷ್ಟು ಎಂದು ಬೇರ್ಪಡಿಸಲು ದಾರಿಯಿದೆ. ಪದ್ರೋನ್ 1964 ಆನಿವರ್ಸರಿಯಂಥ ಸಿಗಾರ್ ನ್ಯಾಚುರಲ್, ಮಡುರೊ ಎರಡೂ ಹೊದಿಕೆಗಳಲ್ಲಿ ಬರುತ್ತದೆ. ಜೋಡಿಯನ್ನು ಕಣ್ಣು ಕಟ್ಟಿ ಸೇದಿಸಿದರೆ ಆಗ ಉಳಿಯುವ ವ್ಯತ್ಯಾಸವಷ್ಟೇ ಹೊದಿಕೆಯದು. ಸಿಗಾರ್ ಪತ್ರಿಕೆಗಳ ರುಚಿಪಟ್ಟಿಗಳಲ್ಲಿ ಬರುವ ಅಂಜೂರ, ಚರ್ಮ, ಎಸ್ಪ್ರೆಸೊಗಳ ಮೆರವಣಿಗೆಯಲ್ಲಿ ಎಷ್ಟು ಈ ಪರೀಕ್ಷೆಗೆ ನಿಂತಾವೋ ಅನುಮಾನ.

ವಿಷವನ್ನು ಇಷ್ಟು ರಸಿಕತೆಯಿಂದ ಸವಿಯುವುದೇ ಏಕೆ ಎಂಬ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ, ಅದಕ್ಕೆ ಈ ವಾದದಲ್ಲಿ ತಪ್ಪಿಸಿಕೊಳ್ಳುವ ಸಂದಿಯಿಲ್ಲ. ಸಕ್ಕರೆ ಉಳಿದ ಸಿಗರೇಟು ತಂಬಾಕಿನ ಹೊಗೆ ಆಮ್ಲೀಯ, ನಿಕೋಟಿನ್ ಸಿಗಬೇಕಾದರೆ ಅದನ್ನು ಎದೆಗೆ ಎಳೆಯಬೇಕು. ಸಕ್ಕರೆ ಕಳೆದುಕೊಂಡ ಸಿಗಾರ್ ಎಲೆಯ ಹೊಗೆ ಕ್ಷಾರೀಯ, ನಿಕೋಟಿನ್ ಬಾಯಿಯ ತೆಳುಪೊರೆಯಿಂದಲೇ ರಕ್ತಕ್ಕೆ ಇಳಿಯುತ್ತದೆ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಹೊಗೆ ಒಳಗೆ ಎಳೆಯುವುದಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಳ್ಳುವವರ ಬಾಯಿ, ಗಂಟಲು, ಅನ್ನನಾಳಗಳಿಗೂ ಕ್ಯಾನ್ಸರ್ ಅಪಾಯ ಇದ್ದೇ ಇದೆ.