ಹೆಸರಿನ ಜೊತೆಗೊಂದು ಊರು

ಹಳೆ ಮೈಸೂರು ಸೀಮೆಯಲ್ಲಿ ಮನುಷ್ಯನ ಹೆಸರಿಗೆ ಊರು ಅಂಟಿಕೊಂಡೇ ಬರುತ್ತದೆ. ಇನಿಷಿಯಲ್ ಬಿಡಿಸಿ ನೋಡಿದರೆ ಮೊದಲ ಅಕ್ಷರ ಬಹುಮಟ್ಟಿಗೆ ಊರಿನದು, ಎರಡನೆಯದು ಅಪ್ಪನದು. ತುಮಕೂರು ಜಿಲ್ಲೆಯ ಗುಬ್ಬಿಯಷ್ಟು ಈ ಬಗೆಯಲ್ಲಿ ಹೆಸರಾದ ಊರು ಕಡಿಮೆ. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಮೈಸೂರಿನಲ್ಲಿ ಆಡಲಿ, ಬೆಂಗಳೂರಿನಲ್ಲಿ ಆಡಲಿ, ಜನ ಕರೆದದ್ದು ಗುಬ್ಬಿ ಕಂಪನಿ ಎಂದೇ. ಅದರ ಒಡೆಯ ಎಲ್ಲಿ ಹೋದರೂ ಗುಬ್ಬಿ ವೀರಣ್ಣ.

ಮ್ಯಾಸ್ಟೊಡಾನ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಹೊಸದಾಗಿ ಖಾತೆ ತೆರೆಯುವವರು ಮೊದಲು ಎಡವುವುದು ಇಲ್ಲಿಯೇ. ಹೆಸರು ಕೇಳಿದ ಮೇಲೆ ಅದು ಊರನ್ನೂ ಕೇಳುತ್ತದೆ. ಫೇಸ್‌ಬುಕ್ಕಿನಲ್ಲಿ, ಎಕ್ಸ್‌ನಲ್ಲಿ ಯಾರಿಗೂ ಊರಿಲ್ಲ, ಏಕೆಂದರೆ ಅಲ್ಲಿ ಇರುವುದೇ ಒಂದು ಊರು, ಅದಕ್ಕೊಬ್ಬನೇ ಜಮೀನ್ದಾರ. ಮ್ಯಾಸ್ಟೊಡಾನ್‌ನಲ್ಲಿ ಸಾವಿರಾರು ಊರುಗಳಿವೆ. ಒಂದೊಂದು ಊರೂ ಯಾರೋ ಒಬ್ಬರು ಅಥವಾ ಒಂದು ಗುಂಪು ನಡೆಸುವ ಸರ್ವರ್. ವಿಳಾಸ ಬರೆಯುವ ಬಗೆ ‘@ವೀರಣ್ಣ@ಗುಬ್ಬಿ’ ಎಂಬಂತೆ: ಮೊದಲು ಹೆಸರು, ಆಮೇಲೆ ಊರು.

ಇಷ್ಟೆಲ್ಲ ಊರುಗಳ ತಾಪತ್ರಯ ಯಾಕೆ ಬೇಕು? ಕನ್ನಡಿಗರಿಗೆ ಇದಕ್ಕೆ ಉತ್ತರ ಹತ್ತಿರದಲ್ಲೇ ಇದೆ. 2020ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ಕೂ’ ಮೊದಲು ಮಾತಾಡಿದ್ದು ಕನ್ನಡದಲ್ಲಿ. ಹಳದಿ ಹಕ್ಕಿಯ ಗುರುತಿನ ಆ ತಾಣಕ್ಕೆ ಕನ್ನಡದ ಲೇಖಕರು, ಮೇಷ್ಟ್ರುಗಳು, ರಾಜಕಾರಣಿಗಳು ಆಸೆಯಿಂದ ಹೋದರು. 2024ರ ಜುಲೈನಲ್ಲಿ ಅದರ ಸ್ಥಾಪಕರು ಬಾಗಿಲು ಮುಚ್ಚುವುದಾಗಿ ತಿಳಿಸಿದರು. ವ್ಯಾಪಾರದಲ್ಲಿ ಅಂಗಡಿ ಮುಚ್ಚುವುದು ಹೊಸದೇನಲ್ಲ. ಆದರೆ ಇಲ್ಲಿ ಅಂಗಡಿಯ ಜೊತೆ ಗಿರಾಕಿಗಳ ನಡುವಿನ ಪರಿಚಯವೂ ಹೋಯಿತು. ಯಾರು ಯಾರನ್ನು ಹಿಂಬಾಲಿಸುತ್ತಿದ್ದರು, ಯಾರ ಮಾತಿಗೆ ಯಾರು ಉತ್ತರಿಸಿದ್ದರು ಎಂಬ ಎಳೆಗಳನ್ನು ಬೇರೆಡೆಗೆ ಒಯ್ದು ಕಟ್ಟಿಕೊಳ್ಳಲು ದಾರಿ ಇರಲಿಲ್ಲ. ಅದಕ್ಕೂ ಹತ್ತು ವರ್ಷ ಹಿಂದೆ, 2014ರ ಸೆಪ್ಟೆಂಬರ್ 30ರಂದು, ಆರ್ಕುಟ್ ಎಂಬ ತಾಣ ಮುಚ್ಚಿದಾಗಲೂ ಅದರ ‘ಕಮ್ಯೂನಿಟಿ’ಗಳಲ್ಲಿ ಹರಟುತ್ತಿದ್ದವರು ದಿಕ್ಕಿಗೊಬ್ಬರಾಗಿದ್ದರು.

ಮ್ಯಾಸ್ಟೊಡಾನ್ ಕಟ್ಟಿದವರು ಜರ್ಮನಿಯ ಯುವಕ ಯೂಜೆನ್ ರೋಚ್ಕೊ, 2016ರಲ್ಲಿ. ಭಾರತದಿಂದ ಮೊದಲ ದೊಡ್ಡ ಗುಂಪು ಅತ್ತ ಹೊರಟದ್ದು 2019ರ ನವೆಂಬರ್‌ನಲ್ಲಿ, ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದಾಗ. 2022ರಲ್ಲಿ ಇಲಾನ್ ಮಸ್ಕ್ ಟ್ವಿಟರ್ ಕೊಂಡ ಮೇಲೆ ಜಗತ್ತಿನಾದ್ಯಂತ ಜನ ಹೊರಟರು. ಕೆಲವೇ ವಾರಗಳಲ್ಲಿ ಮ್ಯಾಸ್ಟೊಡಾನ್‌ನ ಮಾಸಿಕ ಬಳಕೆದಾರರು ಸುಮಾರು 3 ಲಕ್ಷದಿಂದ 25 ಲಕ್ಷಕ್ಕೆ ಏರಿದರು. ಅವರಲ್ಲಿ ಹಲವರು ಮರಳಿ ಹೋದರು ಎಂಬುದೂ ನಿಜ.

ಈ ಯಂತ್ರ ಕೆಲಸ ಮಾಡುವ ಬಗೆಯನ್ನು ಅಂಚೆಯವರಷ್ಟು ಬೇಗ ಬೇರೆ ಯಾರೂ ಹಿಡಿಯಲಾರರು. 572216 ಎಂದರೆ ಗುಬ್ಬಿ, 572130 ಎಂದರೆ ಕುಣಿಗಲ್. ಗುಬ್ಬಿಯಲ್ಲಿ ಡಬ್ಬಿಗೆ ಹಾಕಿದ ಕಾಗದ ಕುಣಿಗಲ್ ತಲುಪಬೇಕಾದರೆ ಎರಡೂ ಊರಿನ ಅಂಚೆ ಕಚೇರಿಗಳು ಒಂದೇ ಕಟ್ಟಡದಲ್ಲಿರಬೇಕಿಲ್ಲ, ಒಂದೇ ನಿಯಮ ಪಾಲಿಸಿದರೆ ಸಾಕು. ಮ್ಯಾಸ್ಟೊಡಾನ್ ಮತ್ತು ಅದರ ನೆಂಟ ತಂತ್ರಾಂಶಗಳ ನಡುವಿನ ಆ ನಿಯಮದ ಹೆಸರು ಆಕ್ಟಿವಿಟಿಪಬ್. ಅಂತರಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರ ಜನವರಿಯಲ್ಲಿ ಅದನ್ನು ಅಧಿಕೃತವಾಗಿ ಶಿಫಾರಸು ಮಾಡಿತು. ಇದರ ಪ್ರಕಾರ ಪ್ರತಿ ಖಾತೆಗೂ ಎರಡು ಪೆಟ್ಟಿಗೆ, ಒಂದು ಒಳಬರುವ ಟಪಾಲಿಗೆ, ಇನ್ನೊಂದು ಹೊರಹೋಗುವುದಕ್ಕೆ. ಒಬ್ಬರು ಏನಾದರೂ ಬರೆದರೆ ಅವರ ಸರ್ವರ್ ಹಿಂಬಾಲಕರ ಪಟ್ಟಿ ತೆಗೆಯುತ್ತದೆ. ಒಂದು ಊರಿನಲ್ಲಿ ನಾನೂರು ಹಿಂಬಾಲಕರಿದ್ದರೂ ಆ ಊರಿಗೆ ಸಾಮಾನ್ಯವಾಗಿ ಒಂದೇ ಪ್ರತಿ ಹೋಗುತ್ತದೆ, ಅಲ್ಲಿಂದ ಮನೆಮನೆಗೆ ಹಂಚುವುದು ಆ ಊರಿನ ಸರ್ವರಿನ ಕೆಲಸ. ಪ್ರತಿ ಟಪಾಲಿನ ಮೇಲೂ ಕಳುಹಿಸಿದವರ ಗೂಢಲಿಪಿಯ ಮುದ್ರೆ ಇರುತ್ತದೆ, ಮುದ್ರೆ ತಾಳೆಯಾಗದಿದ್ದರೆ ಕಾಗದ ತಿರಸ್ಕೃತ. ಆ ಕಡೆ ಕರೆಂಟ್ ಹೋಗಿ ಸರ್ವರ್ ಮಲಗಿದ್ದರೆ ಕಳುಹಿಸಿದ ಸರ್ವರ್ ಕೈಬಿಡುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ, ಇನ್ನಷ್ಟು ಹೊತ್ತು ಬಿಟ್ಟು ಮಗದೊಮ್ಮೆ ಬಾಗಿಲು ಬಡಿಯುತ್ತದೆ.

ಅಂಚೆಯ ಹೋಲಿಕೆ ಒಂದು ಕಡೆ ಕೈಕೊಡುತ್ತದೆ, ಅದನ್ನು ಹೊಸಬರಿಗೆ ಮೊದಲೇ ಹೇಳಬೇಕು. ಇಲ್ಲಿನ ಖಾಸಗಿ ಸಂದೇಶ ಅಂಟಿಸಿದ ಲಕೋಟೆಯಲ್ಲ, ಪೋಸ್ಟ್ ಕಾರ್ಡು. ಸರ್ವರ್ ನಡೆಸುವವರು ಬೇಕೆಂದರೆ ಓದಬಲ್ಲರು. ಬ್ಯಾಂಕಿನ ವಿವರ, ಮನೆಯ ಗುಟ್ಟು ಬರೆಯಲು ಇದು ಜಾಗವಲ್ಲ.

ಖಾತೆ ತೆರೆದಾಯಿತು. ಗುಬ್ಬಿಯ ತೆಂಗಿನ ತೋಟದವರೊಬ್ಬರು ಕಪ್ಪುತಲೆ ಹುಳುವಿನ ಕಾಟದ ಬಗ್ಗೆ ಹತ್ತು ಜನರೊಡನೆ ಮಾತಾಡಲು ಬಂದಿದ್ದಾರೆ ಎನ್ನೋಣ. ಅವರು ಮೊದಲು ಹುಡುಕುವುದು ‘ಗ್ರೂಪ್ ಮಾಡಿ’ ಎಂಬ ಗುಂಡಿಯನ್ನು. ವಾಟ್ಸಾಪಿನಲ್ಲಿ 1,024 ಮಂದಿಯ ಗುಂಪು ಕಟ್ಟಿದವರಿಗೆ ಮ್ಯಾಸ್ಟೊಡಾನ್‌ನಲ್ಲಿ ಅಂಥ ಗುಂಡಿ ಕಾಣದೆ ನಿರಾಸೆಯಾಗುತ್ತದೆ. ಹಳಬರು ಹೇಳುವ ಉಪಾಯ ಹ್ಯಾಶ್‌ಟ್ಯಾಗ್: ಒಂದು ಪದವನ್ನು ಹಿಂಬಾಲಿಸಿದರೆ ಆ ಪದ ಹೊತ್ತ ಬರಹಗಳು ತಾವಾಗಿ ಬರುತ್ತವೆ. ಇಂಗ್ಲಿಷಿನವರಿಗೆ ಈ ಉಪಾಯ ಸಲೀಸು. ಕನ್ನಡಕ್ಕೆ ಇದು ಸರಿಹೊಂದುವುದಿಲ್ಲ, ಕಾರಣ ನಮ್ಮ ವ್ಯಾಕರಣದಲ್ಲಿದೆ. ಕನ್ನಡದ ನಾಮಪದ ವಿಭಕ್ತಿ ಹೊತ್ತು ತಿರುಗುತ್ತದೆ. #ತೆಂಗು ಬೇರೆ, #ತೆಂಗಿಗೆ ಬೇರೆ, #ತೆಂಗಿನಮರ ಮತ್ತೊಂದು; ಯಂತ್ರದ ಕಣ್ಣಿಗೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಮೂರು ಪದ. ಇನ್ನು #ಗುಬ್ಬಿ ಎಂದು ಹಾಕಿದರೆ ತಾಲ್ಲೂಕು ಕೇಂದ್ರ, ಸೂರಿನ ಹಕ್ಕಿ, ನಾಟಕ ಕಂಪನಿ ಮೂರೂ ಒಂದೇ ಬುಟ್ಟಿಗೆ ಬೀಳುತ್ತವೆ. ವಾಕ್ಯದೊಳಗೆ ಟ್ಯಾಗ್ ಸೇರಿಸದೆ ಬರಹದ ಕೊನೆಯಲ್ಲಿ ಮೂಲರೂಪದಲ್ಲೇ ಹಾಕುವ ಅಭ್ಯಾಸ ಮಾಡಿಕೊಂಡರೆ ಅರ್ಧ ತೊಂದರೆ ಕಳೆಯುತ್ತದೆ. ಉಳಿದ ಅರ್ಧಕ್ಕೆ ಗುಂಪು ಬೇಕೇ ಬೇಕು.

ಗುಂಪಿನ ವ್ಯವಸ್ಥೆ ಆಕ್ಟಿವಿಟಿಪಬ್‌ನ ಒಳಗೇ ಇದೆ, ಅದೂ ಬಹಳ ಸರಳವಾಗಿ. ಗುಂಪು ಎಂದರೆ ಒಂದು ಕೋಣೆಯಲ್ಲ, ಅದೂ ಒಂದು ಖಾತೆ. ಅದಕ್ಕೂ ಹೆಸರುಂಟು, ಊರುಂಟು. ಹಿಂದೆ ಹಳ್ಳಿಗಳಲ್ಲಿ ತಮಟೆ ಹಿಡಿದು ಡಂಗುರ ಸಾರುವವರು ಇರುತ್ತಿದ್ದರಲ್ಲ, ಗುಂಪಿನ ಖಾತೆ ಮಾಡುವುದು ಅದೇ ಕೆಲಸ. ಸದಸ್ಯರೊಬ್ಬರು ಗುಂಪಿನ ವಿಳಾಸ ನಮೂದಿಸಿ ಬರೆಯುತ್ತಾರೆ. ಗುಂಪಿನ ಖಾತೆ ಆ ಬರಹವನ್ನು ತನ್ನ ಹಿಂಬಾಲಕರಿಗೆಲ್ಲ ಸಾರುತ್ತದೆ. ನಿಯಮದ ದಾಖಲೆಯಲ್ಲಿ ಈ ಕ್ರಿಯೆಗೆ ಇಟ್ಟಿರುವ ಹೆಸರು ‘ಅನೌನ್ಸ್’. ಡಂಗುರ ಎಂದು ಅನುವಾದಿಸಿದರೆ ಕೂದಲೆಳೆಯಷ್ಟೂ ತಪ್ಪಾಗದು.

ಈ ಡಂಗುರವನ್ನೇ ಮುಖ್ಯ ಕಸುಬು ಮಾಡಿಕೊಂಡ ತಂತ್ರಾಂಶವೂ ಇದೆ, ಅದರ ಹೆಸರು ಲೆಮ್ಮಿ. ಅದರಲ್ಲಿ ಎಲ್ಲವೂ ಗುಂಪುಗಳೇ. ಪ್ರತಿ ಗುಂಪಿಗೂ ವಿಷಯ, ಮೇಲ್ವಿಚಾರಕರು, ಒಳ್ಳೆಯ ಉತ್ತರವನ್ನು ಮೇಲೆತ್ತುವ ಮತ. 2023ರಲ್ಲಿ ರೆಡ್ಡಿಟ್ ಎಂಬ ಚರ್ಚಾತಾಣ ಹೊರಗಿನ ತಂತ್ರಾಂಶಗಳಿಗೆ ಭಾರಿ ಶುಲ್ಕ ಹೇರಿದಾಗ ಮುನಿಸಿಕೊಂಡವರಲ್ಲಿ ಅನೇಕರು ಹೋದದ್ದು ಇಲ್ಲಿಗೆ. ಮ್ಯಾಸ್ಟೊಡಾನ್ ಮತ್ತು ಲೆಮ್ಮಿ ಬೇರೆ ಬೇರೆ ಜನ ಬರೆದ ತಂತ್ರಾಂಶ, ಆದರೂ ಒಂದರ ಖಾತೆಯಿಂದ ಇನ್ನೊಂದರ ಗುಂಪನ್ನು ಹಿಂಬಾಲಿಸಬಹುದು, ಅದರೊಳಗೆ ಬರೆಯಲೂಬಹುದು. ಫೇಸ್‌ಬುಕ್ ಖಾತೆಯಿಂದ ರೆಡ್ಡಿಟ್ ಗುಂಪಿಗೆ ಬರೆದಂತೆ ಇದು. ಗುಬ್ಬಿಯ ತೋಟದವರು ಮ್ಯಾಸ್ಟೊಡಾನ್‌ನಲ್ಲೇ ಇದ್ದುಕೊಂಡು ಲೆಮ್ಮಿಯ ತೆಂಗಿನ ಗುಂಪೊಂದರಲ್ಲಿ ಗರಿಯ ಫೋಟೊ ಹಾಕಬಹುದು. ಅವರ ಬರಹದ ಮೊದಲ ಸಾಲೇ ಅಲ್ಲಿ ಶೀರ್ಷಿಕೆಯಾಗುತ್ತದೆ. ಕೇರಳದವರೋ ಶ್ರೀಲಂಕಾದವರೋ ಮೂರನೆಯ ತಂತ್ರಾಂಶದಿಂದ ಉತ್ತರಿಸಬಹುದು.

ಕನ್ನಡಕ್ಕೆ ಇಲ್ಲೊಂದು ಸಿಹಿ, ಒಂದು ಕಹಿ. ಮ್ಯಾಸ್ಟೊಡಾನ್ ಬರಹಕ್ಕಿರುವ ಸಾಮಾನ್ಯ ಮಿತಿ 500 ಅಕ್ಷರ. ಅದು ಎಣಿಸುವಾಗ ಕಾಗುಣಿತ ಕೂಡಿದ ಅಕ್ಷರವನ್ನು ಒಂದೆಂದೇ ಎಣಿಸುತ್ತದೆ, ‘ಗು’ ಎಂಬುದನ್ನು ಗಕಾರ ಒಂದು, ಕೊಂಬು ಇನ್ನೊಂದು ಎಂದು ಒಡೆಯುವುದಿಲ್ಲ. ಕಹಿ ಏನೆಂದರೆ ಖಾತೆಯ ವಿಳಾಸದಲ್ಲಿ ಹೆಸರು ಇಂಗ್ಲಿಷ್ ಲಿಪಿಯಲ್ಲೇ ಇರಬೇಕು. ಜಾಲತಾಣಗಳ ವಿಳಾಸಕ್ಕೆ ‘.ಭಾರತ’ ಎಂಬ ಕನ್ನಡ ಕೊನೆಪದ ಇದೆ. ಅಂದರೆ ಊರಿನ ಹೆಸರು ಕನ್ನಡದಲ್ಲಿ ಇರಬಹುದು, ಅಲ್ಲಿ ವಾಸಿಸುವವರ ಹೆಸರು ಇರುವಂತಿಲ್ಲ. ತೋರಿಕೆಯ ಹೆಸರನ್ನು ಕನ್ನಡದಲ್ಲಿ ಬರೆಯಬಹುದು ಎಂಬ ಸಮಾಧಾನ ಸಾಲದು. ಇದು ತಿದ್ದಬೇಕಾದ ಲೋಪ. ತಂತ್ರಾಂಶ ಮುಕ್ತವಾಗಿರುವುದರಿಂದ ತಿದ್ದಲು ಕನ್ನಡದ ಎಂಜಿನಿಯರುಗಳೂ ಕೈಜೋಡಿಸಬಹುದು.

ಊರುಗಳು ಸಣ್ಣವಾದಷ್ಟೂ ಮುಚ್ಚುವ ಅಪಾಯ ಹೆಚ್ಚು. 2022ರಲ್ಲಿ ಮ್ಯಾಸ್ಟೊಡಾನ್ ಡಾಟ್ ಟೆಕ್ನಾಲಜಿ ಎಂಬ ಹಳೆಯ ಸರ್ವರಿನ ನಿರ್ವಾಹಕ ಅದನ್ನು ನಿಲ್ಲಿಸುವುದಾಗಿ ಪ್ರಕಟಿಸಿದ. ಆದರೆ ಅಲ್ಲಿದ್ದವರಿಗೆ ಕೂ ಬಳಕೆದಾರರಿಗೆ ಸಿಗದ ಒಂದು ಅನುಕೂಲ ಸಿಕ್ಕಿತು. ಬೇರೆ ಊರಿನಲ್ಲಿ ಖಾತೆ ತೆರೆದು ‘ವಲಸೆ’ ಎಂಬ ಆಜ್ಞೆ ಕೊಟ್ಟರೆ ಹಿಂಬಾಲಕರು ತಾವಾಗಿ ಹೊಸ ವಿಳಾಸಕ್ಕೆ ತಿರುಗುತ್ತಾರೆ. ಹಳೆಯ ಬರಹಗಳು ಮಾತ್ರ ಜೊತೆಗೆ ಬರುವುದಿಲ್ಲ, ಅವನ್ನು ಕಡತವಾಗಿ ಇಳಿಸಿಕೊಳ್ಳಬೇಕು. ಲೆಮ್ಮಿ ಗುಂಪಿನ ತಾಯೂರು ನಿಂತರೆ ಕಥೆ ಬೇರೆ: ಬೇರೆ ಸರ್ವರುಗಳಿಗೆ ಹೋಗಿದ್ದ ಪ್ರತಿಗಳನ್ನು ಓದಬಹುದು, ಹೊಸ ಡಂಗುರ ಮಾತ್ರ ಕೇಳಿಸದು.

ಸರ್ವರ್ ನಡೆಸುವುದು ಎಷ್ಟು ದೊಡ್ಡ ಕೆಲಸ? ಹತ್ತಿಪ್ಪತ್ತು ಜನರಿಗೆ ಸಾಕಾಗುವ ‘ಗೋಟುಸೋಷಿಯಲ್’ ಎಂಬ ತಂತ್ರಾಂಶ ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲೂ ಓಡುತ್ತದೆ. ಕಷ್ಟವಿರುವುದು ಯಂತ್ರದಲ್ಲಲ್ಲ, ಜಗಳ ಬಿಡಿಸುವುದರಲ್ಲಿ. ದ್ವೇಷದ ಬರಹ, ಮೋಸದ ಖಾತೆ, ಸುಳ್ಳು ಫೋಟೊ ಬಂದಾಗ ಯಾರಾದರೂ ಕೂತು ತೀರ್ಮಾನಿಸಬೇಕು. ಭಾರತದ 2021ರ ಐಟಿ ನಿಯಮಗಳು ಸಾರ್ವಜನಿಕರಿಗೆ ಇಂಥ ಸೇವೆ ಕೊಡುವವರು ಕುಂದುಕೊರತೆ ಅಧಿಕಾರಿಯನ್ನು ಹೆಸರಿಸಬೇಕು ಎನ್ನುತ್ತವೆ.

ತನ್ನ ಜಾಲವನ್ನು ತಾನೇ ಕಟ್ಟಿಕೊಳ್ಳುವ ಯತ್ನ ತುಮಕೂರು ಜಿಲ್ಲೆಗೆ ಹೊಸದೂ ಅಲ್ಲ. ದೇವರಾಯನದುರ್ಗದ ಬೆಟ್ಟಗಳ ಕಡೆಯ ದುರ್ಗದಹಳ್ಳಿಯಲ್ಲಿ ಜನಸ್ತು ಎಂಬ ಲಾಭರಹಿತ ಸಂಸ್ಥೆ ಗ್ರಾಮಸ್ಥರೊಡನೆ ‘ಕೌಮೆಶ್’ ಎಂಬ ನಿಸ್ತಂತು ಜಾಲ ಕಟ್ಟಿದೆ. ಅದರಲ್ಲಿ ಒಂದು ರೌಟರಿನಿಂದ ಇನ್ನೊಂದು ರೌಟರಿಗೆ ಸಂಕೇತ ಜಿಗಿಯುತ್ತ ಹೋಗುತ್ತದೆ. ಹೊರಗಿನ ಇಂಟರ್ನೆಟ್ ಕಡಿದರೂ ಹಳ್ಳಿಯೊಳಗಿನ ಸರ್ವರ್ ಹಳ್ಳಿಗೆ ಸಿಗುತ್ತದೆ. ಓದುಬರಹ ಬಾರದವರೂ ಬಳಸಲಿ ಎಂದು ಅವರು ರೂಪಿಸಿದ ‘ಪಾಪಡ್’ ತಂತ್ರಾಂಶದಲ್ಲಿ ಜನ ಧ್ವನಿ ಮುದ್ರಿಸಿ, ಬೇಕಾದ ತುಣುಕಿಗೆ ಗುರುತು ಹಚ್ಚುತ್ತಾರೆ. ಇದು ಮ್ಯಾಸ್ಟೊಡಾನ್ ಅಲ್ಲ. ಮ್ಯಾಸ್ಟೊಡಾನ್ ಹಂಚಿಹಾಕಿದ್ದು ತಂತ್ರಾಂಶವನ್ನು, ಕೌಮೆಶ್ ಹಂಚಿಹಾಕಿದ್ದು ಸಂಪರ್ಕವನ್ನೇ.

ಗುಬ್ಬಿಯಲ್ಲಿ ಯಾರಾದರೂ ಇಂದು ಹೊಸ ಸರ್ವರ್ ತೆರೆದರೆ ಮೊದಲ ದಿನ ಅದರ ಪುಟ ಖಾಲಿ ಹೊಡೆಯುತ್ತದೆ. ಅದನ್ನು ಕಂಡು ಹೊಸಬರು ಇಲ್ಲಿ ಯಾರೂ ಇಲ್ಲ ಎಂದುಕೊಂಡು ಹೊರಟುಬಿಡುತ್ತಾರೆ. ಆದರೆ ಖಾಲಿ ಇರುವುದಕ್ಕೆ ಕಾರಣ ಬೇರೆ: ಹೊರಗಿನ ಯಾರನ್ನಾದರೂ ತನ್ನವರು ಹಿಂಬಾಲಿಸುವ ತನಕ ಆ ಸರ್ವರಿಗೆ ಟಪಾಲು ಕಳುಹಿಸಬೇಕೆಂದು ಯಾವ ಊರಿಗೂ ಗೊತ್ತಿರುವುದಿಲ್ಲ. ಒಬ್ಬರು ತೆಂಗಿನ ಗುಂಪಿನ ವಿಳಾಸವನ್ನು ಹುಡುಕುವ ಪೆಟ್ಟಿಗೆಯಲ್ಲಿ ಪೂರ್ತಿ ಬರೆದು ‘ಹಿಂಬಾಲಿಸು’ ಒತ್ತಿದ ಗಳಿಗೆಯಿಂದ ಆ ಗುಂಪಿನ ಡಂಗುರ ಗುಬ್ಬಿಗೂ ಕೇಳಿಸತೊಡಗುತ್ತದೆ. ಮಾರನೆಯ ದಿನ ಬರುವ ಎರಡನೆಯವರಿಗೆ ಪುಟ ಖಾಲಿ ಇರುವುದಿಲ್ಲ.