ಮಗುವಿನ ಎದೆಬಡಿತ: ಯಾವುದು ಸಹಜ, ಯಾವುದಕ್ಕೆ ಎಚ್ಚರ?



ಮಕ್ಕಳು ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್. ಮಂಡ್ಯ, ಮದ್ದೂರು, ಮಳವಳ್ಳಿಯ ಮಸೀದಿಗಳಿಗೆ "ಹಜರತ್, ಮಗುವಿನ ಎದೆ ಡವಡವ ಅಂತಿದೆ, ದಮ್ ಮಾಡಿ" ಎಂದು ಬರುವವರಿದ್ದಾರೆ. ನಾವು ದುಆ ಮಾಡುತ್ತೇವೆ. ಆದರೆ ತಂದೆತಾಯಿ ತಿಳಿದಿರಬೇಕಾದ ಕೆಲವು ವಿಷಯಗಳೂ ಇವೆ.

ಮಗುವಿನ ಹೃದಯ ಚಿಕ್ಕದು. ಒಂದು ಬಡಿತಕ್ಕೆ ಸ್ವಲ್ಪ ರಕ್ತವನ್ನಷ್ಟೇ ತಳ್ಳಬಲ್ಲದು. ಆದ್ದರಿಂದ ದೊಡ್ಡವರಿಗಿಂತ ವೇಗವಾಗಿ ಬಡಿಯುವುದೇ ಅದರ ಸಹಜ ಗುಣ. ಮಗು ಶಾಂತವಾಗಿರುವಾಗ ಎದೆಯ ಎಡಭಾಗದ ಮೇಲೆ ಕೈಯಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿರಿ. ಎಳೆಗೂಸಿಗೆ ಸುಮಾರು 100ರಿಂದ 160, 3ರಿಂದ 5 ವರ್ಷದವರಿಗೆ 80ರಿಂದ 120, 12 ದಾಟಿದವರಿಗೆ 60ರಿಂದ 100 ಇರಬಹುದು. ನಿದ್ದೆಯಲ್ಲಿ ಇನ್ನೂ ಕಡಿಮೆಯಾಗುತ್ತದೆ.

ಓಟ, ಅಳು, ಹೆದರಿಕೆಯಿಂದ ಏರಿದ ಬಡಿತ ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಇಳಿಯುತ್ತದೆ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಬಡಿತ ಸುಮಾರು 10 ಹೆಚ್ಚುತ್ತದೆ. ವಾಂತಿಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದಾಗಲೂ ಹೃದಯ ಓಡುತ್ತದೆ, ಓಆರ್‌ಎಸ್ ಕುಡಿಸಿರಿ. ಪ್ರಾಯಕ್ಕೆ ಬಾರದ ಮಕ್ಕಳಿಗೆ ರಮಝಾನ್ ಉಪವಾಸ ಕಡ್ಡಾಯವಲ್ಲ. ಹಟ ಹಿಡಿದು ರೋಝಾ ಇಟ್ಟ ಮಗು ಬಳಲಿದರೆ ಮಗ್ರಿಬ್‌ವರೆಗೆ ಕಾಯಿಸದೆ ನೀರು ಕೊಡಿರಿ.

ರಕ್ತಹೀನತೆಯಿದ್ದರೂ ಬಡಿತ ಹೆಚ್ಚುತ್ತದೆ. ಸೊಪ್ಪು, ಮಾಂಸ, ಕಾಳುಗಳನ್ನು ತಿನ್ನಿಸಿರಿ. ಊಟದ ಜೊತೆ ಚಹಾ ಕೊಡಬೇಡಿ, ಅದು ಆಹಾರದ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಉಬ್ಬಸದ ಕೆಲವು ಔಷಧಿಗಳು ಮತ್ತು ಶೀತದ ಸಿರಪ್‌ಗಳಿಂದಲೂ ಎದೆ ಡವಗುಟ್ಟುತ್ತದೆ. ಉಬ್ಬಸದ ಔಷಧಿಯನ್ನು ನೀವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಿರಿ. ಶೀತದ ಸಿರಪ್ಪನ್ನು ವೈದ್ಯರನ್ನು ಕೇಳದೆ ಅಂಗಡಿಯಿಂದ ತರಬೇಡಿ.

ಆದರೆ ಜ್ವರವಿಲ್ಲದೆ, ಮಲಗಿದ್ದಾಗಲೂ ಬಡಿತ ಎಣಿಸಲಾಗದಷ್ಟು ಓಡಿದರೆ, ತುಟಿ ನೀಲಿಯಾದರೆ, ಹಾಲು ಕುಡಿಯುವಾಗ ಮಗು ಬೆವತು ಏದುಸಿರು ಬಿಟ್ಟರೆ, ಆಡುತ್ತಲೇ ಮೂರ್ಛೆ ಬಿದ್ದರೆ ತಡಮಾಡಬೇಡಿ. 108ಕ್ಕೆ ಕರೆ ಮಾಡಿರಿ. ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗಳಿವೆ, ಮಂಡ್ಯದಲ್ಲಿ ಮಿಮ್ಸ್ ಇದೆ, ಹೃದಯಕ್ಕೆಂದೇ ಮೈಸೂರಿನಲ್ಲಿ ಜಯದೇವ ಆಸ್ಪತ್ರೆ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ವೈದ್ಯರ ತಂಡ ಬರುತ್ತದೆ. ಹುಟ್ಟಿನಿಂದ ಬಂದ ಹೃದಯದ ತೊಂದರೆಗೂ ಅದರಲ್ಲಿ ಉಚಿತ ಚಿಕಿತ್ಸೆಯಿದೆ. ಆ ದಿನ ಮಗುವನ್ನು ತಪ್ಪದೆ ಕಳಿಸಿರಿ.

ರೋಗಕ್ಕೆ ಚಿಕಿತ್ಸೆ ಪಡೆಯುವಂತೆ ಪ್ರವಾದಿಯವರು (ಸ) ಕಲಿಸಿದ್ದಾರೆ. ದುಆ ಮತ್ತು ದವಾ ಎರಡೂ ಜೊತೆಯಲ್ಲಿರಲಿ. ಅಲ್ಲಾಹನು ನಮ್ಮೆಲ್ಲರ ಮಕ್ಕಳಿಗೆ ಆರೋಗ್ಯ, ಆಯುಷ್ಯ ಕರುಣಿಸಲಿ. ಆಮೀನ್.