ಹೆಸರಿನ ಪಕ್ಕದ ಕಸುಬು: 1381ರ ದಂಗೆಯ ಆಪಾದಿತರು

ಇಂಗ್ಲೆಂಡಿನ 1381ರ ದಂಗೆಯನ್ನು ನಾವೆಲ್ಲ ‘ರೈತರ ದಂಗೆ’ ಅಂತಲೇ ಓದಿಕೊಂಡು ಬಂದಿದ್ದೇವೆ. ಆದರೆ ತಲೆಗೆ 12 ಪೆನ್ನಿಯ ತೆರಿಗೆ ಬರೀ ಹೊಲದವರ ಮೇಲೆ ಬಿದ್ದದ್ದಲ್ಲ. ದಂಗೆಯ ನಂತರ ಕೋರ್ಟಿನಲ್ಲಿ ಆಪಾದಿತರಾದವರಲ್ಲಿ ಕಸುಬುದಾರರೂ ಇದ್ದರು. ನಾರ್ಫೋಕ್‌ನ ಮುಂದಾಳು ಜೆಫ್ರಿ ಲಿಟ್‌ಸ್ಟರ್ ಬಟ್ಟೆಗೆ ಬಣ್ಣ ಹಾಕುವವನು. ಲಿಟ್‌ಸ್ಟರ್ ಅಂದರೆ ಅರ್ಥವೇ ಅದು.

ಇಲ್ಲೇ ಒಂದು ತೊಡಕಿದೆ ನೋಡಿ. ಟೈಲರ್ ಅಂದರೆ ಹೆಂಚು ಹೊದಿಸುವವನು, ಸರಿ. ಆದರೆ ಅದು ಅವನದೇ ಕಸುಬೋ, ಅಪ್ಪ-ಅಜ್ಜನಿಂದ ಬಂದ ಅಡ್ಡಹೆಸರೋ? ಹೆಸರೊಂದರಿಂದಲೇ ಹೇಳೋಕಾಗಲ್ಲ. 1413ರಲ್ಲಿ ಕಾನೂನು ಬದಲಾಯಿತು: ಆಪಾದಿತನ ಅಂತಸ್ತು ಇಲ್ಲವೇ ಕಸುಬು ಮತ್ತು ಊರನ್ನು ಆರೋಪಪತ್ರದಲ್ಲಿ ಬರೆಯಲೇಬೇಕು. ಅದರಿಂದಾಗಿ 1450ರ ಜ್ಯಾಕ್ ಕೇಡ್ ದಂಗೆಯ ಕಡತಗಳಲ್ಲಿ ಕಟುಕ, ದರ್ಜಿ, ಕಮ್ಮಾರ ಅಂತ ಸ್ಪಷ್ಟವಾಗಿಯೇ ಸಿಗುತ್ತದೆ. 1381ಕ್ಕೆ ಆ ಅನುಕೂಲವಿಲ್ಲ.

ಇನ್ನೊಂದು ಎಚ್ಚರಿಕೆ, ನನಗೆ ಇದೇ ಮುಖ್ಯ. ಜೊಹಾನಾ ಫೆರೂರ್ ಎಂಬ ಹೆಂಗಸು ಲಂಡನ್ನಿನ ಸವಾಯ್ ಅರಮನೆ ಸುಟ್ಟ ಗುಂಪಿನ ಮುಖ್ಯಸ್ಥೆ ಅಂತ ದಾಖಲೆ ಹೇಳುತ್ತೆ. ಓದಿದ ಕೂಡಲೇ ‘ನಾಯಕಿ ಸಿಕ್ಕಳು’ ಅನ್ನಿಸೋದು ಸಹಜ. ಆದರೆ ಅದು ಆರೋಪ, ತೀರ್ಪಲ್ಲ. ಆರೋಪ ಹೊರಿಸುತ್ತಿದ್ದ ಜ್ಯೂರಿಗಳು ಅದೇ ಸೀಮೆಯವರು. ಅವರಲ್ಲಿ ಹಳೇ ಜಗಳ ತೀರಿಸಿಕೊಂಡವರೂ ಇದ್ದಿರಬಹುದು, ತಮ್ಮ ತಲೆ ಉಳಿಸಿಕೊಳ್ಳಲು ಪಕ್ಕದವನ ಹೆಸರು ಹೇಳಿದವರೂ ಇದ್ದಿರಬಹುದು. ಆಪಾದಿತರು ಆಡಿದ್ದು ಇಂಗ್ಲಿಷ್; ಗುಮಾಸ್ತ ಬರೆದದ್ದು ಲ್ಯಾಟಿನ್, ಅದೂ ಸಿದ್ಧ ನುಡಿಗಟ್ಟುಗಳಲ್ಲಿ. ನಮ್ಮ ಕೈಗೆ ಬಂದಿರೋದು ಆ ಗುಮಾಸ್ತನ ಸಾಲುಗಳು.